ಗೆರೆ ಎಲ್ಲಿ ಎಳೆಯುತ್ತೀಯ?

ಮಗು,

ಕೆಲಸ ಸಿಕ್ಕಿತು, ಆರ್.ಟಿ. ನಗರದಲ್ಲಿ ರೂಮೂ ಆಯಿತು ಅಂತ ನಿನ್ನಮ್ಮ ಫೋನ್ ಮಾಡಿದ್ದಳು. ಯುಎಕ್ಸ್ ರಿಸರ್ಚ್ ಅಂದರೇನು ಅಂತ ಕೇಳಿದಳು. ಜನ ಆ್ಯಪನ್ನು ಹೇಗೆ ಬಳಸುತ್ತಾರೆ ಅಂತ ನೋಡುವ ಕೆಲಸ ಅಂದೆ. ಅದಕ್ಕೂ ಸಂಬಳ ಕೊಡ್ತಾರಾ ಅಂದಳು. ಅವಳಿಗೆ ಅಷ್ಟು ಉತ್ತರ ಸಾಕಾಯಿತು, ನಿನ್ನ ಪ್ರಶ್ನೆಗೆ ಸಾಲದು. "ಇಂಟರ್‌ವ್ಯೂ ಮಾಡೋದು ಗೊತ್ತು ದೊಡ್ಡಮ್ಮ, ಟೆಸ್ಟ್ ಮಾಡೋದು ಗೊತ್ತು, ರೆಕಾರ್ಡಿಂಗ್ ಹಾಕಿದ್ರೆ ಎಐ ಐದು ನಿಮಿಷದಲ್ಲಿ ಸಾರಾಂಶ ಕೊಡುತ್ತೆ. ಇನ್ನು ಥಿಯರಿ ಯಾಕೆ?" ಅಂತ ಕೇಳಿದ್ದೀಯ. ಈ ಕೆಲಸವನ್ನೇ ಮಾಡಿ ನಿವೃತ್ತಳಾದವಳು ನಾನು, ಕೈಯಲ್ಲಿ ಸಮಯವಿದೆ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ಥಿಯರಿ ಓದದವರಿಗೂ ಒಂದು ಥಿಯರಿ ಇದ್ದೇ ಇರುತ್ತದೆ. "ಯೂಸರ್‌ಗೆ ಅರ್ಥವಾಗಲಿಲ್ಲ" ಅಂತ ವರದಿಯಲ್ಲಿ ಬರೆದ ಕ್ಷಣಕ್ಕೆ, ತೊಂದರೆ ಇರುವುದು ಆ ಮನುಷ್ಯನ ತಲೆಯೊಳಗೆ ಅಂತ ನೀನು ತೀರ್ಮಾನಿಸಿಬಿಟ್ಟಿರುತ್ತೀಯ. "ಬಟನ್ ಕಾಣಲಿಲ್ಲ" ಅಂತ ಬರೆದರೆ ಕಣ್ಣಿನಲ್ಲಿ. "ಅವನಿಗೆ ಟೈಮ್ ಇರಲಿಲ್ಲ" ಅಂತ ಬರೆದರೆ ಅಂಗಡಿಯಲ್ಲಿ. ಬಳಕೆದಾರ ಎಂಬ ಜೀವ ಎಲ್ಲಿ ಮುಗಿಯುತ್ತದೆ, ಅವನ ಸುತ್ತಲಿನ ಲೋಕ ಎಲ್ಲಿ ಶುರುವಾಗುತ್ತದೆ ಅನ್ನುವ ಗೆರೆಯನ್ನು ಪ್ರತಿ ವಾಕ್ಯದಲ್ಲೂ ಎಳೆಯುತ್ತಿರುತ್ತೀಯ. ನಮ್ಮ ವಿದ್ಯೆಯ ಸಿದ್ಧಾಂತಗಳೆಲ್ಲ ಆ ಗೆರೆಯ ಜಗಳ. ಗೆರೆ ಎಲ್ಲಿ ಎಳೆಯುತ್ತೀಯೋ ಅದರಾಚೆ ಇರುವುದು ನಿನ್ನ ಟೆಸ್ಟಿನಲ್ಲಿ ಕಾಣುವುದೇ ಇಲ್ಲ.

ಇದನ್ನು ಅಮೆರಿಕದ ಯಾವುದೋ ವೆಬ್‌ಸೈಟಿನ ಉದಾಹರಣೆಯಿಂದ ಹೇಳುವುದಿಲ್ಲ. ನಿನ್ನ ರೂಮಿನಿಂದ ಬಹಳ ದೂರವಿಲ್ಲದ ಜಾಲಹಳ್ಳಿಯ ಬಿಇಎಲ್ ಇದೆಯಲ್ಲ, ಅಲ್ಲಿ ತಯಾರಾಗುವ ಮತಯಂತ್ರವನ್ನು ತೆಗೆದುಕೋ. ದೇಶಕ್ಕೆ ಈ ಯಂತ್ರ ಮಾಡಿಕೊಡುವುದು ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್, ಈ ಎರಡೇ ಸಂಸ್ಥೆಗಳು. ಅದರ ಹೊರರೂಪದ ವಿನ್ಯಾಸದಲ್ಲಿ ಐಐಟಿ ಬಾಂಬೆಯ ಎ.ಜಿ. ರಾವ್ ಮತ್ತು ರವಿ ಪೂವಯ್ಯ ಅವರ ಕೈ ಇದೆ. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಮೊದಲು ಪ್ರಯೋಗವಾದದ್ದು, 2004ರ ಲೋಕಸಭಾ ಚುನಾವಣೆಗೆ ದೇಶವಿಡೀ ಬಂತು. ನೀನು ಹೋದ ಸಲ ಓಟು ಹಾಕುವಾಗ ಅದನ್ನು ಸರಿಯಾಗಿ ನೋಡಿರಲಿಕ್ಕಿಲ್ಲ. ಎರಡು ಪೆಟ್ಟಿಗೆ, ನಡುವೆ ಐದು ಮೀಟರಿನ ಕೇಬಲ್. ಒಂದು ಮತಗಟ್ಟೆ ಅಧಿಕಾರಿಯ ಮೇಜಿನ ಮೇಲೆ, ಇನ್ನೊಂದು ಮರೆಯೊಳಗೆ. ಕರೆಂಟು ಬೇಡ, ಬ್ಯಾಟರಿ ಸಾಕು. ಹೆಸರು, ಚಿಹ್ನೆ, ಪಕ್ಕದಲ್ಲಿ ನೀಲಿ ಗುಂಡಿ. ಒತ್ತಿದರೆ ಕೆಂಪು ದೀಪ, ಉದ್ದನೆಯ ಬೀಪ್.

ಮೊದಲ ಗೆರೆ ಚರ್ಮದ ಮೇಲೆ ಎಳೆದದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ವಿಮಾನಗಳು ನೆಲಕ್ಕಿಳಿದ ಮೇಲೆ ಚಕ್ರ ಮಡಚಿಕೊಂಡು ಹೊಟ್ಟೆಯ ಮೇಲೆ ಕೂರುತ್ತಿದ್ದವು. ಪೈಲಟ್‌ನ ತಪ್ಪು ಅಂತ ಷರಾ ಬರೆದು ಕಡತ ಮುಚ್ಚುತ್ತಿದ್ದರು. ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಕಾಕ್‌ಪಿಟ್ಟಿನಲ್ಲಿ ಕೂತು ನೋಡಿದ. ಚಕ್ರದ ಹಿಡಿಕೆ, ರೆಕ್ಕೆಯ ಫ್ಲ್ಯಾಪಿನ ಹಿಡಿಕೆ ಎರಡೂ ಒಂದೇ ಥರ, ಅಕ್ಕಪಕ್ಕ. ಒಂದಕ್ಕೆ ರಬ್ಬರ್ ಚಕ್ರದ ಆಕಾರ, ಇನ್ನೊಂದಕ್ಕೆ ಬೆಣೆಯ ಆಕಾರ ಕೊಟ್ಟರು. ಕತ್ತಲಲ್ಲೂ ಕೈಗೆ ಗೊತ್ತಾಗತೊಡಗಿತು. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಇಂಥ 460 'ಪೈಲಟ್ ತಪ್ಪು'ಗಳನ್ನು ಒಟ್ಟುಹಾಕಿ, ಎಷ್ಟೋ ತಪ್ಪುಗಳ ಬೇರು ಹಿಡಿಕೆಗಳ ಜೋಡಣೆಯಲ್ಲೇ ಇದೆ ಅಂತ ತೋರಿಸಿದರು. ನಮ್ಮ ವೃತ್ತಿಗೆ ಹುಟ್ಟಿದ ಮನೆ ಅಂತ ಒಂದಿದ್ದರೆ ಅದು ಆ ಕಾಕ್‌ಪಿಟ್. ದೂರವಿರುವ, ಚಿಕ್ಕದಾದ ಗುರಿಗೆ ಕೈ ಹೋಗಲು ಹೆಚ್ಚು ಹೊತ್ತು ಬೇಕು ಅನ್ನುವ 1954ರ ಸೂತ್ರವೂ ಅದೇ ಫಿಟ್ಸನದು. ಓಲಾಡುವ ಬಿಎಂಟಿಸಿ ಬಸ್ಸಿನಲ್ಲಿ ಒಂದು ಕೈಲಿ ಕಂಬಿ ಹಿಡಿದು ಇನ್ನೊಂದು ಕೈಲಿ ಫೋನ್ ಒತ್ತುವವರನ್ನು ನೋಡು, ಸೂತ್ರ ತಾನಾಗಿ ಅರ್ಥವಾಗುತ್ತದೆ. ಮತಯಂತ್ರ ಈ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸು. ಕಾಗದದ ಮತಪತ್ರದಲ್ಲಿ ಮುದ್ರೆ ಎರಡು ಚಿಹ್ನೆಗಳ ನಡುವೆ ಬಿದ್ದರೆ ಓಟೇ ಹಾಳು. ಗುಂಡಿಯಲ್ಲಿ ನಡುವೆ ಅನ್ನುವುದೇ ಇಲ್ಲ.

ಎರಡನೇ ಗೆರೆ ತಲೆಯ ಸುತ್ತ. ಮನುಷ್ಯ ಲೋಕದ ಒಂದು ಚಿಕ್ಕ ನಕಲನ್ನು ತಲೆಯಲ್ಲಿಟ್ಟುಕೊಂಡು, ಅದನ್ನು ಓಡಿಸಿ ನೋಡಿ ಮುಂದಿನದನ್ನು ಊಹಿಸುತ್ತಾನೆ ಅಂತ 1943ರಲ್ಲಿ ಕೆನೆತ್ ಕ್ರೇಕ್ ಬರೆದ. ಈಗ ನಿಮ್ಮ ಮೀಟಿಂಗುಗಳಲ್ಲಿ ದಿನಕ್ಕೆ ಹತ್ತು ಸಲ 'ಮೆಂಟಲ್ ಮಾಡೆಲ್' ಅನ್ನುತ್ತಾರಲ್ಲ, ಅದು ಅಲ್ಲಿಂದ ಬಂದದ್ದು. 1980ರ ದಶಕದಲ್ಲಿ ಡೊನಾಲ್ಡ್ ನಾರ್ಮನ್ ಇದರ ಮೇಲೆ ಎರಡು ಕಂದಕಗಳನ್ನು ತೋರಿಸಿದ. ನನಗೆ ಬೇಕಾದ್ದನ್ನು ಮಾಡಲು ಏನು ಒತ್ತಬೇಕು ಅನ್ನುವುದು ಒಂದು. ಒತ್ತಿದ ಮೇಲೆ ಆದದ್ದೇನು ಅನ್ನುವುದು ಇನ್ನೊಂದು. ಮತಯಂತ್ರ ಮೊದಲ ಕಂದಕವನ್ನು ಸಲೀಸಾಗಿ ದಾಟಿಸುತ್ತದೆ. ಎರಡನೆಯದರಲ್ಲಿ ಬಹುಕಾಲ ಒಂದು ಸಂದು ಉಳಿದಿತ್ತು, ನೀನು ನಿಂತು ಯೋಚಿಸಬೇಕಾದ ಜಾಗ ಅದು. ಆ ಬೀಪ್ ಏನು ಹೇಳುತ್ತದೆ? ಓಟು ಸೇರಿತು ಅಂತ ಹೇಳುತ್ತದೆ. ಯಾರಿಗೆ ಸೇರಿತು ಅಂತ ಹೇಳುವುದಿಲ್ಲ. ಚಿಹ್ನೆಯ ಪಕ್ಕದ ಕೆಂಪು ದೀಪ ನೀನು ಯಾವುದನ್ನು ಒತ್ತಿದೆ ಅನ್ನುತ್ತದೆಯೇ ಹೊರತು, ಒಳಗೆ ಏನು ಬರೆದುಕೊಂಡಿತು ಅಂತ ತೋರಿಸುವುದಿಲ್ಲ. 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ಮೊದಲು ಬಳಕೆಗೆ ಬಂದ ವಿವಿಪ್ಯಾಟ್, ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುವ ಚೀಟಿಯನ್ನು ಗಾಜಿನ ಹಿಂದೆ ಏಳು ಸೆಕೆಂಡು ತೋರಿಸಿ ಪೆಟ್ಟಿಗೆಗೆ ಬೀಳಿಸುತ್ತದೆ. ಆ ಸಂದನ್ನು ಮುಚ್ಚಲು ಮಾಡಿದ ಪ್ರಯತ್ನ ಅದು.

ಇಲ್ಲಿ ಒಂದು ಅಡ್ಡಮಾತು. ಮನುಷ್ಯನಿಗೆ ಏಳೇ ವಿಷಯ ನೆನಪಿರುತ್ತೆ, ಅದಕ್ಕೆ ಮೆನುವಿನಲ್ಲಿ ಏಳೇ ಐಟಂ ಇರಬೇಕು ಅಂತ ಯಾರಾದರೂ ನಿನಗೆ ಹೇಳಿದರೆ, ಜಾರ್ಜ್ ಮಿಲ್ಲರನ 1956ರ ಲೇಖನವನ್ನು ಪೂರ್ತಿ ಓದಿದ್ದೀರಾ ಅಂತ ವಿನಯದಿಂದ ಕೇಳು. ಅದರಲ್ಲಿ ನೆನಪಿನ ಭಾಗ ಇರುವುದು ಒಮ್ಮೆ ಕೇಳಿದ್ದನ್ನು ತಕ್ಷಣ ತಿರುಗಿ ಹೇಳುವ ಬಗ್ಗೆ. ಮೆನು ಕಣ್ಣ ಮುಂದೆಯೇ ಇರುತ್ತದೆ, ನೆನಪಿಡುವ ಪ್ರಮೇಯವೇ ಇಲ್ಲ. ಮತಯಂತ್ರದ ಒಂದು ಪೆಟ್ಟಿಗೆಯಲ್ಲಿ 16 ಸಾಲು ಇವೆ, ಅಷ್ಟಕ್ಕೇ ಯಾರೂ ಗಾಬರಿಯಾಗಿಲ್ಲ.

ಮೂರನೇ ಗೆರೆ ಹೊರಗೆ, ಸನ್ನಿವೇಶದ ಸುತ್ತ. ಇದರ ಕಥೆ ನನಗೆ ಬಹಳ ಇಷ್ಟ. ಲೂಸಿ ಸಚ್‌ಮನ್ ಎಂಬ ಮಾನವಶಾಸ್ತ್ರಜ್ಞೆ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದಳು. ಹೊಸ ಕಾಪಿಯರ್ ಬಳಸುವುದು ಕಷ್ಟ ಅಂತ ದೂರು ಬಂದಾಗ, ಕ್ಯಾಮೆರಾ ಇಟ್ಟು ಜೋಡಿ ಜೋಡಿಯಾಗಿ ಜನರನ್ನು ಅದರ ಮುಂದೆ ನಿಲ್ಲಿಸಿದಳು. ಎರಡೂ ಬದಿ ಕಾಪಿ ತೆಗೆಯಲು ಹೆಣಗಾಡಿದ ಒಂದು ಜೋಡಿಯಲ್ಲಿ ಒಬ್ಬ ಅಲೆನ್ ನ್ಯೂವೆಲ್. ಮನುಷ್ಯನ ಮನಸ್ಸನ್ನು ಮಾಹಿತಿ ಸಂಸ್ಕರಿಸುವ ಯಂತ್ರವೆಂದು ಲೆಕ್ಕಹಾಕಿ, 1983ರಲ್ಲಿ ಕಾರ್ಡ್ ಮತ್ತು ಮೊರಾನ್ ಜೊತೆ ಈ ಕ್ಷೇತ್ರದ ದಪ್ಪ ಪುಸ್ತಕ ಬರೆದ ಅದೇ ನ್ಯೂವೆಲ್! ಅವನಿಗೆ ಬುದ್ಧಿ ಕಡಿಮೆಯಾಗಿತ್ತೇ? ಸಚ್‌ಮನ್ 1987ರ ಪುಸ್ತಕದಲ್ಲಿ ಕೊಟ್ಟ ಉತ್ತರ ಬೇರೆ. ಜನ ತಲೆಯಲ್ಲಿ ಯೋಜನೆ ಬರೆದುಕೊಂಡು ಅದರಂತೆ ನಡೆಯುವುದಿಲ್ಲ. ಎದುರಿಗೆ ಏನು ಬರುತ್ತದೋ ಅದಕ್ಕೆ ತಕ್ಕಂತೆ ಹೆಜ್ಜೆ ಇಡುತ್ತಾರೆ. ಯೋಜನೆ ಅನ್ನುವುದು ಹೆಚ್ಚಿನಂಶ ಆಮೇಲೆ ಹೇಳುವ ಕಥೆ. ಯಂತ್ರಕ್ಕೆ ಎದುರಿನವರ ಪರದಾಟ ಕಾಣುವುದಿಲ್ಲ, ಅವರಿಗೆ ಯಂತ್ರದ ಒಳಗು ಕಾಣುವುದಿಲ್ಲ, ತೊಡಕು ಇರುವುದು ಅಲ್ಲಿ.

ಈಗ ಮತಗಟ್ಟೆಗೆ ಮತ್ತೆ ಹೋಗು. ಓಟು ಹಾಕುವುದು ಗುಂಡಿ ಒತ್ತುವ ಕೆಲಸ ಮಾತ್ರವಲ್ಲ. ಸರದಿ, ಬೆರಳಿಗೆ ಶಾಯಿ, ಪಟ್ಟಿಯಲ್ಲಿ ಹೆಸರು ಹುಡುಕುವವರು, ಪಕ್ಷಗಳ ಏಜೆಂಟರು ಎಲ್ಲ ಇದ್ದಾರೆ. ಅಧಿಕಾರಿ ತನ್ನ ಪೆಟ್ಟಿಗೆಯಲ್ಲಿ 'ಬ್ಯಾಲೆಟ್' ಒತ್ತುವ ತನಕ ಮರೆಯೊಳಗಿನ ಗುಂಡಿಗೆ ಜೀವವಿಲ್ಲ. ಒಂದು ಓಟು ಬಿದ್ದ ಕೂಡಲೇ ಮತ್ತೆ ಬೀಗ. ಆ ಉದ್ದನೆಯ ಬೀಪ್ ಒಳಗಿರುವವರಿಗೆ ಮಾತ್ರವಲ್ಲ, ಹೊರಗಿರುವ ಅಧಿಕಾರಿಗೂ ಏಜೆಂಟರಿಗೂ ಕೇಳಿಸಬೇಕಾದದ್ದು. ಒಬ್ಬರನ್ನು ಲ್ಯಾಬಿಗೆ ಕರೆದು ಯಂತ್ರದ ಮುಂದೆ ಕೂರಿಸಿದರೆ ಆ ಸದ್ದಿನ ಅರ್ಧ ಕೆಲಸ ನಿನಗೆ ಗೊತ್ತೇ ಆಗುವುದಿಲ್ಲ. 1995ರಲ್ಲಿ ಎಡ್ವಿನ್ ಹಚಿನ್ಸ್ ಅಮೆರಿಕದ ನೌಕಾಪಡೆಯ ಹಡಗಿನ ಬಗ್ಗೆ ಹೇಳಿದ್ದೂ ಇದನ್ನೇ. ಹಡಗು ಎಲ್ಲಿದೆ ಅನ್ನುವ ತಿಳಿವಳಿಕೆ ಯಾರೊಬ್ಬರ ತಲೆಯಲ್ಲೂ ಇರುವುದಿಲ್ಲ. ನಕಾಶೆ, ಉಪಕರಣ, ಕೂಗಿ ಹೇಳುವವರು, ಬರೆದುಕೊಳ್ಳುವವರು ಎಲ್ಲರಲ್ಲೂ ಹಂಚಿಕೊಂಡಿರುತ್ತದೆ.

ನಾಲ್ಕನೆಯ ಗೆರೆಯನ್ನು ಇನ್ನೂ ದೂರಕ್ಕೆ ಎಳೆಯಬೇಕು. ನಿಮ್ಮ ಕಂಪನಿ ಅಂಗಡಿಯವರ ಪೇಮೆಂಟ್ ಆ್ಯಪ್ ಮಾಡುತ್ತದೆ ಅಂದೆಯಲ್ಲ. 2025ರ ಜುಲೈ ನೆನಪಿಸಿಕೋ. ಬೆಂಗಳೂರಿನಲ್ಲಿ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಮುಂದೆ ಇದ್ದಕ್ಕಿದ್ದಂತೆ 'ನೋ ಯುಪಿಐ, ಓನ್ಲಿ ಕ್ಯಾಶ್' ಅಂತ ಚೀಟಿ ಬಂತು. ಕ್ಯೂಆರ್ ಕೋಡು ಅಂದು ಬೆಳಗ್ಗೆ ಕೆಟ್ಟಿತ್ತೇ? ಸ್ಕ್ಯಾನ್ ಆಗುತ್ತಿರಲಿಲ್ಲವೇ? ಹಣ ಬಂತು ಅಂತ ಕನ್ನಡದಲ್ಲೇ ಕೂಗುವ ಸೌಂಡ್‌ಬಾಕ್ಸು ಮೂಕವಾಗಿತ್ತೇ? ಯಾವುದೂ ಇಲ್ಲ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತ್ತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಯವರಿಗೆ 20 ಲಕ್ಷ ವಹಿವಾಟು ದಾಟಿದರೆ ನೋಂದಣಿ ಮಾಡಿಸಬೇಕು ಎಂಬ ನಿಯಮ. ತೆರಿಗೆ ಇಲ್ಲದ ಹಾಲು ತರಕಾರಿ ಮಾರಿದವರಿಗೂ, ಮನೆಯವರ ಸಾಲದ ಹಣ ಅದೇ ಖಾತೆಗೆ ಬಂದವರಿಗೂ ಆ ಒಟ್ಟು ಮೊತ್ತ ನೋಡಿ ಎದೆ ಝಲ್ಲೆಂದಿತು. ಆ ವಾರ ನೀನು ಎಷ್ಟೇ ಚೆಂದದ ಯೂಸಬಿಲಿಟಿ ಟೆಸ್ಟ್ ಮಾಡಿದ್ದರೂ ಆ್ಯಪಿಗೆ ನೂರಕ್ಕೆ ನೂರು ಅಂಕ ಬರುತ್ತಿತ್ತು, ಅಂಗಡಿಯಲ್ಲಿ ಮಾತ್ರ ಅದು ಇರುತ್ತಿರಲಿಲ್ಲ. ವೈಗೋಟ್‌ಸ್ಕಿ, ಲಿಯೊಂಟಿಯೆವ್ ಮುಂತಾದ ರಷ್ಯನ್ನರಿಂದ ಬಂದ ಚಟುವಟಿಕೆ ಸಿದ್ಧಾಂತವನ್ನು ಓದುವುದು ಇದಕ್ಕಾಗಿ. ಉಪಕರಣದ ಆಚೆ ಒಂದು ಉದ್ದೇಶವಿದೆ, ನಿಯಮಗಳಿವೆ, ಒಂದು ಸಮುದಾಯವಿದೆ, ಯಾರಿಗೆ ಯಾವ ಪಾಲು ಅನ್ನುವ ಹಂಚಿಕೆಯಿದೆ ಅಂತ ಅದು ಹೇಳುತ್ತದೆ. ಕ್ಯೂಆರ್ ಕೋಡಿನ ಬಳಕೆದಾರ ಅಂಗಡಿಯವನೊಬ್ಬನೇ ಅಲ್ಲ, ತೆರಿಗೆ ಅಧಿಕಾರಿಯೂ ಹೌದು ಅಂತ ಆ ಜುಲೈ ಎಲ್ಲರಿಗೂ ತೋರಿಸಿತು.

ಮತಯಂತ್ರಕ್ಕೂ ಹೀಗೇ. ಚೀಟಿ ತೋರಿಸಿದ ಮೇಲೂ ಅನುಮಾನ ಉಳಿಯಿತು. ಚೀಟಿ ನೋಡಿದವರಿಗೆ ತಮ್ಮ ಓಟು ಗೊತ್ತು, ಎಣಿಕೆ ಗೊತ್ತಿಲ್ಲ. ಪ್ರತಿ ವಿಧಾನಸಭಾ ಕ್ಷೇತ್ರದಲ್ಲೂ ಐದು ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ತಾಳೆ ನೋಡಬೇಕು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಯಂತ್ರದ ಮೇಲೆ ಇನ್ನೊಂದು ದೀಪ ಹಚ್ಚಿ ತೀರಿಸಬಹುದಾದ ಪ್ರಶ್ನೆ ಅದಲ್ಲ.

ಹಾಗಾದರೆ ನಾಲ್ಕನೆಯದೇ ದೊಡ್ಡದು, ಮೊದಲನೆಯದು ಹಳೆಯದು ಅಂದುಕೊಳ್ಳಬೇಡ. ನಿನ್ನ ವಯಸ್ಸಿನ ಕೆಲವರು ಸಮಾಜ, ಅಧಿಕಾರ, ಸಂದರ್ಭ ಅಂತ ಭಾಷಣ ಮಾಡುತ್ತಾರೆ, ಬಟನ್ ಕಾಣುತ್ತಿಲ್ಲ ಅನ್ನುವುದನ್ನು ಮಾತ್ರ ನೋಡುವುದಿಲ್ಲ. ಆರು ಇಂಚಿನ ಪರದೆಯಲ್ಲಿ ತಿಳಿಬೂದು ಅಕ್ಷರ ಇಟ್ಟರೆ ಚಾಳೀಸು ಬಂದವರಿಗೆ ಓದಲಾಗುವುದಿಲ್ಲ, ಅದಕ್ಕೆ ರಷ್ಯನ್ ಸಿದ್ಧಾಂತ ಬೇಡ. ಪ್ರಶ್ನೆ ಯಾವುದೋ ಅದಕ್ಕೆ ತಕ್ಕ ಗೆರೆ. ಎಳೆದದ್ದು ಎಲ್ಲಿ ಅಂತ ನಿನಗೆ ಗೊತ್ತಿದ್ದರಾಯಿತು.

ಆ ನಾಲ್ಕೂ ಗೆರೆಗಳು ಒಂದೇ ಕೆಲಸದಲ್ಲಿ ಹೇಗೆ ಸೇರುತ್ತವೆ ಅಂತ ನೋಡಬೇಕಾದರೆ ಇಂದ್ರಾಣಿ ಮೇಧಿಯವರ ಅಧ್ಯಯನ ಓದು. 2005ರಲ್ಲಿ ಶುರುವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಆಗ ಸದಾಶಿವನಗರದಲ್ಲಿತ್ತು, ಮೇಖ್ರಿ ಸರ್ಕಲ್ಲಿನ ಆಚೆ. ಅಲ್ಲಿ ಮೇಧಿ, ಕೆಂಟಾರೊ ಟೊಯಾಮಾ ಮೊದಲಾದವರ ಜೊತೆ ಸೇರಿ, ಓದು ಬಾರದ ಮನೆಗೆಲಸದ ಹೆಂಗಸರಿಗಾಗಿ ಅಕ್ಷರವೇ ಇಲ್ಲದ ಕೆಲಸ ಹುಡುಕುವ ವ್ಯವಸ್ಥೆ ಮಾಡಿದರು. ಬೆಂಗಳೂರಿನ ಕೊಳೆಗೇರಿಗಳಲ್ಲಿ ಕೂತು ಚಿತ್ರಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಇಳಿಜಾರು ಸೂರಿನ ಮನೆಯ ಚಿತ್ರವನ್ನು ಆ ಹೆಂಗಸರು ಹಳ್ಳಿಯ ಗುಡಿಸಲು ಅಂದರು. ಕೆಲಸ ಸಿಗುವ ಮನೆ ಅಂದರೆ ಅವರ ಪಾಲಿಗೆ ಬೇರೆಯದೇ ಕಟ್ಟಡ. ಪಾತ್ರೆಯಿಂದ ಹಬೆ ಏಳದಿದ್ದರೆ ಅದು ಅಡುಗೆ ಮಾಡುವ ಕೆಲಸವಾಗದು, ಬರೀ ಅಡುಗೆಮನೆ. ನಲ್ಲಿಯಿಂದ ನೀರು ಸುರಿಯಬೇಕು, ಆಗ ತೊಳೆಯುವ ಕೆಲಸ. ಇಷ್ಟೆಲ್ಲ ತಿದ್ದಿದ ಮೇಲೂ ದೊಡ್ಡ ತೊಡಕು ಉಳಿಯಿತು. ಈ ಡಬ್ಬಿಯೊಳಗೆ ಕೆಲಸದ ಸುದ್ದಿ ಹೇಗೆ ಬಂತು, ಹಾಕಿದವರು ಯಾರು, ಇದರಿಂದ ನನಗೇನು, ಇದನ್ನು ನಂಬಬಹುದೇ? ಅದಕ್ಕೆ ಉತ್ತರ ಐಕಾನಿನಿಂದ ಬರಲಿಲ್ಲ. ಕೆಲಸ ಕೊಡುವವರು ಹೇಗೆ ಮಾಹಿತಿ ಹಾಕುತ್ತಾರೆ, ಕೆಲಸ ಬೇಕಾದವರಿಗೆ ಅದು ಹೇಗೆ ಸಿಗುತ್ತದೆ ಅಂತ ಇಡೀ ಕಥೆಯನ್ನು ನಾಟಕದಂತೆ ತೋರಿಸುವ ವಿಡಿಯೊ ಮಾಡಬೇಕಾಯಿತು. ಕಣ್ಣಿನಿಂದ ಶುರುಮಾಡಿ ನಂಬಿಕೆಯವರೆಗೆ ಹೋದರು ನೋಡು. ಅಂದಹಾಗೆ, ಅಕ್ಷರವಿಲ್ಲದ ಇಂಟರ್‌ಫೇಸ್ ನಮಗೆ ಹೊಸದೂ ಅಲ್ಲ. 1951-52ರ ಮೊದಲ ಮಹಾಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ ಇಟ್ಟಿದ್ದರು.

ಇನ್ನು ನಿನ್ನ ಬಗ್ಗೆ. ಗೆರೆಯೊಳಗೆ ನೀನೂ ಇದ್ದೀಯ. ಇದಕ್ಕೂ ಹೊರಗಿನ ಪುಸ್ತಕ ಬೇಡ, ಮೈಸೂರಿನ ಎಂ.ಎನ್. ಶ್ರೀನಿವಾಸರನ್ನು ಓದು. ಆಕ್ಸ್‌ಫರ್ಡಿನಲ್ಲಿ ಕಲಿತು ಬಂದು, 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಇದ್ದು ನೋಡಿದರು. ಬರಹದಲ್ಲಿ ಅದಕ್ಕೆ ರಾಮಪುರ ಅಂತ ಹೆಸರಿಟ್ಟರು. ಜಾತಿಯನ್ನು ಪುಸ್ತಕದಿಂದ ನೋಡುವುದು ಬೇರೆ, ಊರಿನಲ್ಲಿದ್ದು ನೋಡುವುದು ಬೇರೆ ಅನ್ನುವುದು ಅವರ ಜೀವಮಾನದ ವಾದ. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರು ವಿಂಗಡಿಸಿಟ್ಟ ಟಿಪ್ಪಣಿಗಳು ಆಹುತಿಯಾದವು. ಹೆಚ್ಚಾಗಿ ನೆನಪಿನಿಂದಲೇ ಬರೆದು 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ತಂದರು. ಟಿಪ್ಪಣಿ ಸುಟ್ಟ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಮಗೆ ಬೇಕಾದ್ದು ಇನ್ನೊಂದು: ತಾನು ಬ್ರಾಹ್ಮಣ, ಇದ್ದದ್ದು ಊರ ಪಟೇಲರ ಆಶ್ರಯದಲ್ಲಿ, ಹಾಗಾಗಿ ಯಾರ ಮನೆಗೆ ಹೋದೆ, ಯಾರ ಜೊತೆ ಕೂತೆ, ಏನು ಕಂಡೆ ಅನ್ನುವುದೆಲ್ಲ ಅದರಿಂದ ಸೀಮಿತವಾಯಿತು ಅಂತ ಅವರೇ ಬಿಚ್ಚಿ ಬರೆದಿದ್ದಾರೆ. ನಿಮ್ಮ ವರದಿಗಳಲ್ಲಿ ಆ ಪ್ಯಾರಾ ನಾನು ಎಂದೂ ಕಂಡಿಲ್ಲ. ನೀನು ಯಶವಂತಪುರದ ಎಪಿಎಂಸಿ ಯಾರ್ಡಿಗೆ ಮಂಡಿ ಮಾಲೀಕರ ಕಡೆಯಿಂದ ಹೋದರೆ ಹಮಾಲಿಗಳು ನಿನ್ನೆದುರು ಮಾಲೀಕರ ಮಾತನ್ನೇ ಆಡುತ್ತಾರೆ. ಯಾರ ಮೂಲಕ ಹೋದೆ ಅಂತ ಬರಿ.

ಮರ್ಯಾದೆಯ ಮಾತೂ ಒಂದಿದೆ. ನಮ್ಮವರು ಎದುರಿಗೆ ಕೂತವರ ಮನಸ್ಸು ನೋಯಿಸುವುದಿಲ್ಲ. 2012ರಲ್ಲಿ ನಿಕೋಲಾ ಡೆಲ್, ಮೇಧಿ ಮತ್ತು ಸಂಗಡಿಗರು ಇದೇ ಬೆಂಗಳೂರಿನಲ್ಲಿ 450 ಸಂದರ್ಶನ ಮಾಡಿ ಇದನ್ನು ಅಳೆದರು. ಎರಡು ವಸ್ತು ಒಂದೇ ಆಗಿದ್ದರೂ, ಸಂದರ್ಶಕರು ಮಾಡಿದ್ದು ಅಂತ ತಿಳಿದದ್ದನ್ನು ಜನ ಎರಡೂವರೆ ಪಟ್ಟು ಹೆಚ್ಚು ಮೆಚ್ಚಿದರು. ಸಂದರ್ಶಕ ವಿದೇಶಿಯಾಗಿ, ಭಾಷಾಂತರಕಾರರು ಜೊತೆಗಿದ್ದರೆ ಐದು ಪಟ್ಟು. ಎದ್ದುಕಾಣುವಂತೆ ಕೆಡಿಸಿದ್ದನ್ನೂ ಮೆಚ್ಚಿದರು! "ಇಷ್ಟ ಆಯ್ತಾ ಅಣ್ಣಾ" ಅಂತ ಕೇಳಿ ಬಂದ ಉತ್ತರವನ್ನು ಸ್ಲೈಡಿಗೆ ಹಾಕಬೇಡ. ಆ್ಯಪ್ ನಿನ್ನದು ಅಂತ ಹೇಳಬೇಡ. ಕೇಳುವುದಕ್ಕಿಂತ ಮಾಡಿಸಿ ನೋಡು. "ಯಾಕೆ ಹಾಗೆ ಮಾಡಿದಿರಿ" ಅನ್ನುವ ಪ್ರಶ್ನೆಯ ಉತ್ತರವನ್ನಂತೂ ಅರ್ಧ ಮಾತ್ರ ನಂಬು. ಜನ ತಮ್ಮ ನಡತೆಗೆ ಕೊಡುವ ಕಾರಣ ಎಷ್ಟೋ ಸಲ ಆಮೇಲೆ ಹೊಳೆದದ್ದು ಅಂತ ನಿಸ್ಬೆಟ್ ಮತ್ತು ವಿಲ್ಸನ್ 1977ರಲ್ಲೇ ತೋರಿಸಿದ್ದಾರೆ. ಒಂದೇ ಥರದ ನಾಲ್ಕು ಜೊತೆ ಕಾಲುಚೀಲ ಇಟ್ಟರೆ ಎಲ್ಲಕ್ಕಿಂತ ಹೆಚ್ಚು ಜನ ಆರಿಸಿದ್ದು ಬಲತುದಿಯದನ್ನು, ಇಟ್ಟ ಜಾಗದಿಂದ ಹಾಗಾಯಿತು ಅಂತ ತಾವಾಗಿ ಒಬ್ಬರೂ ಹೇಳಲಿಲ್ಲ.

ಮಾಡುತ್ತಾ ಮಾಡುತ್ತಾ ಗಟ್ಟಿಯಾಗಿ ಮಾತಾಡಿ ಅಂತ ಹೇಳುವ ಕ್ರಮ ಇದೆಯಲ್ಲ, ಅದಕ್ಕೆ ಎರಿಕ್ಸನ್ ಮತ್ತು ಸೈಮನ್ 1980ರಲ್ಲಿ ಅಡಿಪಾಯ ಹಾಕಿದರು. ಮನಸ್ಸಿನಲ್ಲಿ ಆಗಲೇ ಮಾತಾಗಿರುವುದನ್ನು ಹೊರಹಾಕಿದರೆ ಕೆಲಸ ಅಷ್ಟಾಗಿ ಕೆಡುವುದಿಲ್ಲ, ವಿವರಣೆ ಕೇಳಿದರೆ ಕೆಡುತ್ತದೆ ಅನ್ನುವುದು ಅವರ ಮಾತು. ಇದನ್ನು ನಮ್ಮ ಉತ್ತರ ಬೆಂಗಳೂರಿಗೆ ತಂದು ನೋಡು. ಒಬ್ಬರು ತೆಲುಗಿನಲ್ಲಿ ಲೆಕ್ಕ ಹಾಕುತ್ತಾರೆ, ಗಿರಾಕಿಗೆ ಕನ್ನಡದಲ್ಲಿ ಹೇಳುತ್ತಾರೆ, ಇನ್ನೊಬ್ಬರು ಮನೆಯಲ್ಲಿ ದಖನಿ ಆಡುತ್ತಾರೆ. ಅವರನ್ನು ಕೂರಿಸಿ ಇಂಗ್ಲಿಷಿನಲ್ಲಿ ಮಾತಾಡಿಸಿದರೆ ನೀನು ಅಳೆಯುವುದು ಅವರ ಭಾಷಾಂತರವನ್ನು. ಅವರು ಯಾವ ಭಾಷೆಯಲ್ಲಿ ಎಣಿಸುತ್ತಾರೋ ಅದರಲ್ಲೇ ಮಾತಾಡಲಿ, ನಿನಗೆ ಬಾರದಿದ್ದರೆ ಬರುವವರನ್ನು ಕರೆದುಕೊಂಡು ಹೋಗು. ನಿಮ್ಮ ಎಐ ಸಾರಾಂಶಕ್ಕೂ ಇದೇ ಎಚ್ಚರಿಕೆ. ದಖನಿ ಬೆರೆತ ಕನ್ನಡದ ರೆಕಾರ್ಡಿಂಗಿನಿಂದ ಅದು ಅಚ್ಚುಕಟ್ಟಾದ ಇಂಗ್ಲಿಷ್ ಪ್ಯಾರಾ ಮಾಡಿಕೊಟ್ಟರೆ, ತಡವರಿಸಿದ್ದು, ಮಾತು ನುಂಗಿದ್ದು, ಪಕ್ಕದವರನ್ನು ನೋಡಿ ನಕ್ಕಿದ್ದು ಎಲ್ಲಿ ಹೋಯಿತು ಅಂತ ಮೂಲ ಕೇಳಿ ಹುಡುಕು.

ಐದು ಜನ ಸಾಕು ಅಂತ ನಿಮ್ಮ ಮ್ಯಾನೇಜರ್ ಹೇಳಿಯೇ ಹೇಳುತ್ತಾರೆ. ಅದು 1993ರಲ್ಲಿ ನೀಲ್ಸನ್ ಮತ್ತು ಲ್ಯಾಂಡೌವರ್ ಹಾಕಿದ ಲೆಕ್ಕದಿಂದ ಬಂದ ಮಾತು. ಒಂದೇ ಬಗೆಯ ಜನ, ಆಗಾಗ ಎದುರಾಗುವ ದೋಷಗಳು ಅಂತ ಹಿಡಿದರೆ ಆ ಲೆಕ್ಕ ನಡೆಯುತ್ತದೆ. ಮಾನ್ಯತಾ ಟೆಕ್ ಪಾರ್ಕಿನ ಕ್ಯಾಂಟೀನಿನಲ್ಲಿ ಸಿಕ್ಕ ಐವರು ಯಾರ್ಡಿನ ಈರುಳ್ಳಿ ಮಂಡಿಗೆ ಸಾಕ್ಷಿಯಾಗುವುದಿಲ್ಲ. ಯಾವ ಐವರು ಅಂತ ಮೀಟಿಂಗಿನಲ್ಲೇ ಕೇಳು, ಮುಖ ಗಂಟಿಕ್ಕಿದರೆ ಇಕ್ಕಲಿ.

ಎಲ್ಲ ಪುಸ್ತಕವನ್ನೂ ಈಗಲೇ ಓದಬೇಕಿಲ್ಲ. ಸಚ್‌ಮನ್, ಶ್ರೀನಿವಾಸ್ ಇಬ್ಬರಿಂದ ಶುರುಮಾಡು, ನಾರ್ಮನ್ ಓದಲು ಸುಲಭ, ಬಸ್ಸಿನಲ್ಲೂ ಆಗುತ್ತದೆ. ಯಲಹಂಕದಲ್ಲಿ ಸೃಷ್ಟಿ, ಯಶವಂತಪುರದ ತುಮಕೂರು ರಸ್ತೆಯ ಬಳಿ ಎನ್‌ಐಡಿ ಇವೆ. ಅಲ್ಲಿ ಕಲಿತವರು ನಿಮ್ಮ ಆಫೀಸಿನಲ್ಲೇ ಇರಬಹುದು, ಪುಸ್ತಕ ಅವರ ಹತ್ತಿರ ಕೇಳು.

ಮುಂದಿನ ವಾರ ಯಾರ್ಡಿಗೆ ಹೋಗುತ್ತೀಯ ಅಂದೆಯಲ್ಲ, ಪ್ರಶ್ನೆಪಟ್ಟಿಯನ್ನು ಹೋಗುವ ಮುಂಚೆ ನನಗೆ ಕಳಿಸು, ಪಿಪಿಟಿ ಬೇಡ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಓದಿ ಹೇಳಿ ಆಮೇಲೆ ಸಹಿ ಕೇಳು. ಲೋಡು ಇಳಿಯುವ ಹೊತ್ತಿನಲ್ಲಿ ಯಾರನ್ನೂ ತಡೆದು ನಿಲ್ಲಿಸಬೇಡ. ಹಮಾಲಿಯೊಬ್ಬರು ನಿನ್ನ ಜೊತೆ ಒಂದು ಗಂಟೆ ಕೂತರೆ ಅವರ ಒಂದು ಗಂಟೆಯ ಕೂಲಿ ಹೋಗುತ್ತದೆ. ಗಿಫ್ಟ್ ವೋಚರ್ ತಗೊಂಡು ಅವರೇನು ಮಾಡುತ್ತಾರೆ, ಹಣವನ್ನೇ ಕೊಡು, ಕ್ಯಾಶಾ ಫೋನಿಗಾ ಅಂತ ಅವರನ್ನೇ ಕೇಳಿ ಕೊಡು, ಯಾಕೆ ಹಾಗೆ ಕೇಳಿದರು ಅನ್ನುವುದನ್ನೂ ಟಿಪ್ಪಣಿಯಲ್ಲಿ ಬರೆದುಕೋ. ಇದಕ್ಕೆ ಆಫೀಸಿನ ಮಂಜೂರಾತಿ ಬೇಕಾದರೆ ಇವತ್ತೇ ಕೇಳಿಬಿಡು, ಅಕೌಂಟ್ಸಿನವರು ಎಲ್ಲ ಕಡೆಯೂ ನಿಧಾನ.

ನಿನ್ನ ದೊಡ್ಡಮ್ಮ
ಯಲಹಂಕ ಉಪನಗರ